ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನ ಪಾರ್ಟಿಷನ್ ಕಿರಿದುಗೊಳಿಸುವುದು: ಒಳಗಿನ ಚಿತ್ರಗಳಿಗೆ ಧಕ್ಕೆಯಾಗದಂತೆ ಹೇಗೆ?

ಯಗಚಿ ತೀರ, ಬೇಲೂರು

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2 ಟಿಬಿ ಸಾಮರ್ಥ್ಯದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಒಂದಿದೆ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಹೊಯ್ಸಳ ದೇಗುಲಗಳ ಛಾಯಾಚಿತ್ರಗಳೂ ಕೆಲವು ಶಾಸನಗಳ ಸ್ಕ್ಯಾನ್ ಪ್ರತಿಗಳೂ ಅದರಲ್ಲಿ ಸುಮಾರು 1.1 ಟಿಬಿಯಷ್ಟು ತುಂಬಿವೆ. ದೊಡ್ಡಗದ್ದವಳ್ಳಿ, ಮೊಸಳೆ, ಕೋರವಂಗಲ, ಬೆಳವಾಡಿ, ಅಮೃತಾಪುರ ಎಂದು ಊರಿಗೊಂದು ಫೋಲ್ಡರ್ ಮಾಡಿಟ್ಟಿದ್ದೇನೆ. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯದ ಮಹಾಕಾಳಿ ವಿಗ್ರಹವು 2020ರ ನವೆಂಬರ್‌ನಲ್ಲಿ ಭಗ್ನವಾದ ಸ್ಥಿತಿಯಲ್ಲಿ ಕಂಡುಬಂದದ್ದು ಹಲವರಿಗೆ ನೆನಪಿರಬಹುದು. ಅದಕ್ಕೂ ಮೊದಲು ತೆಗೆದ ಆ ವಿಗ್ರಹದ ಚಿತ್ರಗಳು ಇದೇ ಡಿಸ್ಕ್‌ನಲ್ಲಿವೆ. ಅವನ್ನು ಮತ್ತೊಮ್ಮೆ ತೆಗೆಯುವುದು ಯಾರಿಂದಲೂ ಸಾಧ್ಯವಿಲ್ಲ.

ಇಡೀ ಡಿಸ್ಕ್ ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲ್‌ಗಳನ್ನು ಜೋಡಿಸಿಡುವ ವಿಧಾನ) ರೂಪದ ಒಂದೇ ಪಾರ್ಟಿಷನ್, ಅಂದರೆ ಒಂದೇ ವಿಭಾಗ, ಆಗಿದೆ. ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗಳು ಮ್ಯಾಕ್ ಕಂಪ್ಯೂಟರ್ ಬಳಸುತ್ತಾಳೆ. ಅವಳಿಗಾಗಿ ಇದೇ ಡಿಸ್ಕ್‌ನ ಕೊನೆಯಲ್ಲಿ 500 ಜಿಬಿಯಷ್ಟು, ವಿಂಡೋಸ್ ಮತ್ತು ಮ್ಯಾಕ್ ಎರಡೂ ಓದಿ ಬರೆಯಬಲ್ಲ ಎಕ್ಸ್‌ಫ್ಯಾಟ್ ರೂಪದ ಪಾರ್ಟಿಷನ್ ಬೇರೆ ಮಾಡಬೇಕೆಂಬುದು ನನ್ನ ಉದ್ದೇಶ. ವಿಂಡೋಸ್‌ನ ಲೆಕ್ಕದಲ್ಲಿ ಡಿಸ್ಕ್‌ನ ಒಟ್ಟು ಗಾತ್ರ 1863 ಜಿಬಿ ಇದ್ದು, 700 ಜಿಬಿಗಿಂತ ಹೆಚ್ಚು ಖಾಲಿ ಇದೆ. ಆದರೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಪಾರ್ಟಿಷನ್ ಕಿರಿದುಗೊಳಿಸುವ ಶ್ರಿಂಕ್ ವಾಲ್ಯೂಮ್ ಆಯ್ಕೆ ಒತ್ತಿದರೆ, ಕಡಿಮೆ ಮಾಡಬಹುದಾದ ಜಾಗ 90 ಜಿಬಿಯಷ್ಟು ಮಾತ್ರ ಎಂದು ತೋರಿಸುತ್ತದೆ. ಖಾಲಿ ಇರುವ ಜಾಗವನ್ನು ಏಕೆ ಬಿಟ್ಟುಕೊಡುತ್ತಿಲ್ಲ? ಮುಂದುವರಿದರೆ ಚಿತ್ರಗಳಿಗೆ ಅಪಾಯವಿದೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ಹೇಮಾವತಿ, ಹಾಸನ

ಸರ್, ಮೊದಲಿಗೆ ಒಂದು ಪ್ರಶ್ನೆ. ನಿಮ್ಮ ಅಕ್ಕನ ಮಗಳು ಚಿತ್ರಗಳನ್ನು ನೋಡಿ ತನ್ನ ಕಂಪ್ಯೂಟರ್‌ಗೆ ನಕಲು ಮಾಡಿಕೊಂಡರೆ ಸಾಕೇ, ಅಥವಾ ಇದೇ ಡಿಸ್ಕ್‌ಗೆ ಮರಳಿ ಬರೆಯಬೇಕೇ? ಮ್ಯಾಕ್ ಕಂಪ್ಯೂಟರ್ ಎನ್‌ಟಿಎಫ್‌ಎಸ್ ಡಿಸ್ಕನ್ನು ಯಾವ ಹೆಚ್ಚುವರಿ ತಂತ್ರಾಂಶವೂ ಇಲ್ಲದೆ ಓದಬಲ್ಲದು; ಅದಕ್ಕೆ ಬರೆಯಲು ಮಾತ್ರ ಆಗುವುದಿಲ್ಲ. ಓದಿದರೆ ಸಾಕೆಂದಾದರೆ ಪಾರ್ಟಿಷನ್ ಮುಟ್ಟುವ ಅಗತ್ಯವೇ ಇಲ್ಲ.

ಬರೆಯಲೇಬೇಕೆಂದಿದ್ದರೆ, ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದುಕೊಂಡು ಕೈಹಾಕುವುದು ಒಳ್ಳೆಯದು. ಡಿಸ್ಕ್‌ನಲ್ಲಿ ಎರಡು ಬೇರೆ ಬೇರೆ ದಾಖಲೆಗಳಿವೆ. ಪಾರ್ಟಿಷನ್ ಟೇಬಲ್ ಎಂಬುದು ಜಮೀನಿನ ಹದ್ದುಬಸ್ತಿನ ಕಲ್ಲುಗಳಿದ್ದಂತೆ. ಯಾವ ಭಾಗ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಎಂಬಿಆರ್ ಎಂಬ ಹಳೆಯ ಪಾರ್ಟಿಷನ್ ಟೇಬಲ್ ಪದ್ಧತಿಯಲ್ಲಿ ಒಂದು ಪಾರ್ಟಿಷನ್‌ನ ವಿವರ 16 ಬೈಟ್‌ಗಳಲ್ಲಿ ಮುಗಿದುಹೋಗುತ್ತದೆ. ಆ ಗಡಿಯೊಳಗೆ ಯಾವ ಫೈಲ್ ಎಲ್ಲಿದೆ ಎಂಬ ವಿವರ ಇಟ್ಟುಕೊಳ್ಳುವುದು ಫೈಲ್ ಸಿಸ್ಟಮ್, ಅಂದರೆ ನಿಮ್ಮಲ್ಲಿ ಎನ್‌ಟಿಎಫ್‌ಎಸ್. ಕಿರಿದುಗೊಳಿಸುವಾಗ ಮೊದಲು ಫೈಲ್ ಸಿಸ್ಟಮ್ ಒಳಗೆ ಸರಿದು ಜಾಗ ತೆರವು ಮಾಡಬೇಕು, ಆಮೇಲೆ ಗಡಿ ಬದಲಾಗಬೇಕು. ಹಿರಿದುಗೊಳಿಸುವಾಗ ಮೊದಲು ಗಡಿ, ಆಮೇಲೆ ಫೈಲ್ ಸಿಸ್ಟಮ್. ಈ ಕ್ರಮ ತಪ್ಪಿದರೆ ಗಡಿಯಾಚೆ ಉಳಿದ ಫೈಲ್‌ಗಳು ಕೈತಪ್ಪುತ್ತವೆ. ಡಿಸ್ಕ್ ಮ್ಯಾನೇಜ್‌ಮೆಂಟ್ ಆಗಲಿ, ಜಿಪಾರ್ಟೆಡ್ ಎಂಬ ಲಿನಕ್ಸ್‌ನ ಉಚಿತ ತಂತ್ರಾಂಶವಾಗಲಿ ಈ ಎರಡೂ ಹೆಜ್ಜೆಗಳನ್ನು ಸರಿಯಾದ ಕ್ರಮದಲ್ಲಿ ತಾವೇ ಮಾಡುತ್ತವೆ.

ನಿಮ್ಮ ವಿಷಯದಲ್ಲಿ ಅನುಕೂಲದ ಸಂಗತಿ ಎಂದರೆ, ಬದಲಾಗಬೇಕಾದದ್ದು ಪಾರ್ಟಿಷನ್‌ನ ಕೊನೆಯ ಗಡಿ ಮಾತ್ರ. ಆರಂಭದ ಗಡಿ ಇದ್ದಲ್ಲಿಯೇ ಇರುತ್ತದೆ. ಆರಂಭದ ಗಡಿ ಸರಿಸುವುದೆಂದರೆ ಒಳಗಿರುವುದೆಲ್ಲವನ್ನೂ ಒಂದೂ ಬಿಡದೆ ಹೊಸ ಸ್ಥಾನಕ್ಕೆ ಬರೆಯುವುದು. ನಿಜವಾದ ಅಪಾಯ ಇರುವುದು ಅಲ್ಲಿ.

ಇನ್ನೊಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ ಇದೆಯೇ ಎಂಬುದನ್ನು ನೀವು ಬರೆದಿಲ್ಲ. ಅದನ್ನು ಮೊದಲು ತಿಳಿಸಿ.

ಯಗಚಿ ತೀರ, ಬೇಲೂರು

ಧನ್ಯವಾದಗಳು ಮೇಡಂ. ಅವಳು ಚಿತ್ರಗಳ ಬೆಳಕನ್ನು ಸರಿಪಡಿಸಿ, ಶಾಸನದ ಅಕ್ಷರಗಳು ಎದ್ದು ಕಾಣುವಂತೆ ಮಾಡಿ ಇದೇ ಡಿಸ್ಕ್‌ಗೆ ಹಾಕಿ ಕಳುಹಿಸಬೇಕು. ಹಾಗಾಗಿ ಬರೆಯುವ ಅವಕಾಶ ಬೇಕೇ ಬೇಕು. ಎರಡನೆಯ ಪ್ರತಿ ಸದ್ಯಕ್ಕೆ ಇಲ್ಲ. ಕೆಲವು ಊರುಗಳ ಫೋಲ್ಡರ್‌ಗಳು ಲ್ಯಾಪ್‌ಟಾಪ್‌ನಲ್ಲಿವೆ, ಎಲ್ಲವೂ ಅಲ್ಲ.

ಗಿರಿಶ್ರೇಣಿ, ಚಿಕ್ಕಮಗಳೂರು

ಯಗಚಿ ತೀರದವರೇ, ಇಷ್ಟು ಆತಂಕಪಡುವ ಕಾರಣವಿಲ್ಲ ಎಂಬುದು ನನ್ನ ಅಭಿಪ್ರಾಯ. ನಾನು ಕಂಪ್ಯೂಟರ್ ದುರಸ್ತಿಯ ಕೆಲಸದಲ್ಲಿರುವವನು. ಪಾರ್ಟಿಷನ್ ಗಾತ್ರ ಬದಲಾಯಿಸುವುದು ನಮಗೆ ವಾರವಾರವೂ ಬರುವ ಕೆಲಸ. ವಿಂಡೋಸ್ ವಿಸ್ತಾ ಕಾಲದಿಂದಲೂ, ಅಂದರೆ 2007ರಿಂದಲೂ, ಶ್ರಿಂಕ್ ಸೌಲಭ್ಯ ವಿಂಡೋಸ್‌ನೊಳಗೇ ಇದೆ. ಎನ್‌ಟಿಎಫ್‌ಎಸ್ ತನ್ನ ಬದಲಾವಣೆಗಳನ್ನು ಮೊದಲು ಲಾಗ್‌ನಲ್ಲಿ ದಾಖಲಿಸಿ ನಂತರ ಜಾರಿಗೊಳಿಸುತ್ತದೆ. ಆದ್ದರಿಂದ ನಡುವೆ ನಿಂತುಹೋದರೂ ಫೈಲ್ ಸಿಸ್ಟಮ್ ಹಿಂದಿನ ಸರಿಯಾದ ಸ್ಥಿತಿಗೆ ಮರಳುತ್ತದೆ. ಕೊನೆಯ ಭಾಗದಲ್ಲಿರುವ ಫೈಲ್ ತುಣುಕನ್ನು ಆರಂಭದ ಕಡೆಯ ಖಾಲಿ ಜಾಗಕ್ಕೆ ನಕಲು ಮಾಡಿದ ಮೇಲೆಯೇ ಹಳೆಯದನ್ನು ಬಿಡುತ್ತದೆ. 1.1 ಟಿಬಿ ನಕಲು ಮಾಡಲು ಇನ್ನೊಂದು ಡಿಸ್ಕ್ ಕೊಳ್ಳಿ ಎಂದು ಎಲ್ಲರಿಗೂ ಹೇಳುವುದು ಸುಲಭ, ಆದರೆ ಅದಕ್ಕೆ ಹಣ ಬೇಕಲ್ಲ. ಕೊನೆಯ ಗಡಿ ಮಾತ್ರ ಸರಿಯುವ ಕೆಲಸಕ್ಕೆ ಪೂರ್ಣ ಬ್ಯಾಕಪ್ ಅನಿವಾರ್ಯ ಎಂದು ನನಗೆ ಅನ್ನಿಸುವುದಿಲ್ಲ.

ಹೇಮಾವತಿ, ಹಾಸನ

ಗಿರಿಶ್ರೇಣಿ ಸರ್, ತಂತ್ರಾಂಶದ ಬಗ್ಗೆ ನೀವು ಹೇಳಿದ್ದೆಲ್ಲವನ್ನೂ ನಾನು ಒಪ್ಪುತ್ತೇನೆ. ನನ್ನ ಚಿಂತೆ ಇರುವುದು ಡಿಸ್ಕ್ ಮತ್ತು ಕೇಬಲ್ ಬಗ್ಗೆ. ಲಾಗ್ ಕಾಪಾಡುವುದು ಫೈಲ್ ಸಿಸ್ಟಮ್‌ನ ವಿವರಗಳನ್ನು. ಡಿಸ್ಕ್‌ನ ಮೇಲ್ಮೈಯಲ್ಲಿ ಓದಲಾಗದ ಸೆಕ್ಟರ್ (ಮಾಹಿತಿ ಬರೆದಿಡುವ ಪುಟ್ಟ ತುಂಡು) ಒಂದಿದ್ದರೆ ಅದರಲ್ಲಿದ್ದ ಚಿತ್ರವನ್ನು ಯಾವ ಲಾಗ್ ಕೂಡ ಮರಳಿ ಕೊಡಲಾರದು. ವರ್ಷಗಟ್ಟಲೆ ಬೀರುವಿನಲ್ಲಿಟ್ಟು ಆಗೊಮ್ಮೆ ಈಗೊಮ್ಮೆ ಹೊರತೆಗೆಯುವ ಡಿಸ್ಕ್‌ನಲ್ಲಿ ಅಂಥ ಸೆಕ್ಟರ್‌ಗಳಿರುವುದು, ಆ ಜಾಗವನ್ನು ಓದಲು ಹೋಗುವವರೆಗೆ ಗೊತ್ತಾಗುವುದೇ ಇಲ್ಲ. ಶ್ರಿಂಕ್ ಮಾಡುವಾಗ ಗಂಟೆಗಟ್ಟಲೆ ಎಡೆಬಿಡದೆ ಓದು ಮತ್ತು ಬರಹ ನಡೆಯುತ್ತದೆ. ದುರ್ಬಲವಾದ ಡಿಸ್ಕ್ ಕೈಕೊಡುವುದು ಇಂಥ ಹೊತ್ತಿನಲ್ಲಿಯೇ.

ಆದ್ದರಿಂದ ಮೊದಲು ಸ್ಮಾರ್ಟ್ ಮಾಹಿತಿಯನ್ನು, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ದಾಖಲೆಯನ್ನು, ನೋಡಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಬಹುತೇಕ ಯುಎಸ್‌ಬಿ ಡಿಸ್ಕ್‌ಗಳಲ್ಲಿಯೂ ಇದನ್ನು ತೋರಿಸುತ್ತದೆ. ರೀಅಲೊಕೇಟೆಡ್ ಸೆಕ್ಟರ್, ಕರೆಂಟ್ ಪೆಂಡಿಂಗ್ ಸೆಕ್ಟರ್ ಮತ್ತು ಅನ್‌ಕರೆಕ್ಟಬಲ್ ಸೆಕ್ಟರ್ ಎಂಬ ಮೂರು ಸಾಲುಗಳ ಕೊನೆಯಲ್ಲಿರುವ ಮೂಲಸಂಖ್ಯೆ ಸೊನ್ನೆಯಾಗಿರಬೇಕು. ಪೆಂಡಿಂಗ್ ಸಾಲಿನಲ್ಲಿ ಸೊನ್ನೆಯಲ್ಲದ ಸಂಖ್ಯೆ ಕಂಡರೆ ಪಾರ್ಟಿಷನ್ ವಿಚಾರ ಅಲ್ಲಿಗೇ ಬಿಟ್ಟು, ಸಿಕ್ಕಷ್ಟನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿಕೊಳ್ಳುವುದೇ ಮುಂದಿನ ಕೆಲಸ. ಇಲ್ಲಿ ಡಿಸ್ಕ್‌ನ ದೋಷ ಹುಡುಕಿ ಸರಿಪಡಿಸುವ ವಿಂಡೋಸ್‌ನ ಚೆಕ್‌ಡಿಸ್ಕ್ ಬಗ್ಗೆಯೂ ಒಂದು ಮಾತು. ಕೆಟ್ಟ ಸೆಕ್ಟರ್‌ಗಳಿರುವ ಡಿಸ್ಕ್‌ನ ಮೇಲೆ ಮೊದಲೇ ಚೆಕ್‌ಡಿಸ್ಕ್ ನಡೆಸಿದರೆ, ಅದು ಫೈಲ್ ಸಿಸ್ಟಮ್ ಸರಿಪಡಿಸುವ ಭರದಲ್ಲಿ ಓದಲಾಗದ ಫೈಲ್‌ಗಳ ಕೊಂಡಿಗಳನ್ನು ಕಡಿದುಹಾಕಬಹುದು. ನಕಲು ಮೊದಲು, ಚೆಕ್‌ಡಿಸ್ಕ್ ನಂತರ.

ಹಣದ ಮಾತು ಸರಿ. ಆದರೆ ಡಿಸ್ಕ್ ಕೊಳ್ಳಲೇಬೇಕೆಂದಿಲ್ಲ; ಸ್ನೇಹಿತರಿಂದ ಕೆಲವು ದಿನಗಳ ಮಟ್ಟಿಗೆ ಎರವಲು ತರಬಹುದು. ಅದೂ ಆಗದಿದ್ದರೆ ಮತ್ತೆ ತೆಗೆಯಲಾಗದ ಚಿತ್ರಗಳನ್ನಾದರೂ ಮೊದಲು ಆರಿಸಿ ಲ್ಯಾಪ್‌ಟಾಪ್‌ಗೂ ಪೆನ್‌ಡ್ರೈವ್‌ಗೂ ಹಾಕಬಹುದು. ಮಹಾಕಾಳಿ ವಿಗ್ರಹದ ಚಿತ್ರಗಳು ಒಂದೇ ಕಡೆ ಇವೆ ಎಂಬುದನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ಪಾರ್ಟಿಷನ್ ಮಾಡಿದರೂ ಮಾಡದಿದ್ದರೂ ಅವಕ್ಕೆ ಇನ್ನೊಂದು ಪ್ರತಿ ಇಂದೇ ಆಗಬೇಕು.

ಗಿರಿಶ್ರೇಣಿ, ಚಿಕ್ಕಮಗಳೂರು

ಕೇಬಲ್ ವಿಚಾರದಲ್ಲಿ ನನ್ನದೂ ಸಹಮತವಿದೆ ಮೇಡಂ. ಈ ಸಣ್ಣ ಡಿಸ್ಕ್‌ಗಳಿಗೆ ಬರುವ ಅಗಲವಾದ, ಚಪ್ಪಟೆಯಾದ, ಎರಡು ಭಾಗವಾಗಿ ಕಾಣುವ ಯುಎಸ್‌ಬಿ ಮೂತಿ ಬಹಳ ಬೇಗ ಸಡಿಲಗೊಳ್ಳುತ್ತದೆ. ಡಿಸ್ಕನ್ನು ಮೇಜಿನ ಮೇಲೆ ಸ್ವಲ್ಪ ತಿರುಗಿಸಿದರೂ ಸಂಪರ್ಕ ತಪ್ಪಿ, ಕ್ಷಣದಲ್ಲಿ ಮತ್ತೆ ಸೇರುತ್ತದೆ. ಹಾಡು ಕೇಳುವಾಗ ಅದು ಗೊತ್ತೂ ಆಗದಿರಬಹುದು, ಪಾರ್ಟಿಷನ್ ಸರಿಸುವಾಗ ಮಾತ್ರ ಅನಾಹುತ. ಗಿರಾಕಿಯೊಬ್ಬರು ಹೀಗೆ ನಡುವೆ ತಪ್ಪಿಹೋದ ಡಿಸ್ಕ್ ತಂದಿದ್ದರು; ಅವರು ಮಾಡುತ್ತಿದ್ದದ್ದು ಆರಂಭದ ಗಡಿಯನ್ನು ಸರಿಸುವ ಕೆಲಸ, ಅರ್ಧ ಹಳೆಯ ಸ್ಥಾನದಲ್ಲಿ, ಅರ್ಧ ಹೊಸ ಸ್ಥಾನದಲ್ಲಿ ಉಳಿದುಹೋಗಿತ್ತು. ಆದ್ದರಿಂದ ಹಬ್ ಇಲ್ಲದೆ ನೇರವಾಗಿ ಲ್ಯಾಪ್‌ಟಾಪ್‌ಗೆ ಚುಚ್ಚಿ, ಡಿಸ್ಕನ್ನು ಅಲುಗದಂತೆ ಇಟ್ಟು, ಹೊಸ ಕೇಬಲ್ ಬಳಸಿ. ಪೂರ್ಣ ಬ್ಯಾಕಪ್ ಎಲ್ಲರಿಗೂ ಅನಿವಾರ್ಯವಲ್ಲ ಎಂಬ ನನ್ನ ಮಾತಿಗೆ ನಾನು ಬದ್ಧ. ಆದರೆ ಯಗಚಿ ತೀರದವರ ಡಿಸ್ಕ್‌ನಲ್ಲಿರುವುದನ್ನು ನೋಡಿದರೆ, ಅವರಿಗೆ ಮಾತ್ರ ಅದು ಬೇಕೆಂದು ನಾನೂ ಹೇಳುತ್ತೇನೆ.

ಮೂಡಿಗೆರೆ ತೋಟ

ಈ ಚರ್ಚೆ ನನಗೂ ಉಪಯುಕ್ತವಾಗಿದೆ. ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಕರೆಂಟು ಯಾವಾಗ ಬರುತ್ತದೆಂದು ಹೇಳಲಾಗದು. ಇಂಥ ಕಡೆ ಈ ಕೆಲಸ ಮಾಡಬಹುದೇ? ನನ್ನ 1 ಟಿಬಿ ಡಿಸ್ಕ್‌ನಲ್ಲಿ ಮೊದಲನೆಯದು 200 ಜಿಬಿಯ ಎಕ್ಸ್‌ಫ್ಯಾಟ್ ಪಾರ್ಟಿಷನ್, ಅದು ತೋಟದ ಲೆಕ್ಕಪತ್ರ ಮತ್ತು ಚಿತ್ರಗಳಿಂದ ಪೂರ್ತಿ ತುಂಬಿದೆ. ಎರಡನೆಯದು ಎನ್‌ಟಿಎಫ್‌ಎಸ್, ಅದರಲ್ಲಿರುವುದು 150 ಜಿಬಿ ಮಾತ್ರ. ಎರಡನೆಯದನ್ನು ಕಿರಿದುಗೊಳಿಸಿ ಆ ಜಾಗವನ್ನು ಮೊದಲನೆಯದಕ್ಕೆ ಸೇರಿಸಲು ಹೋದರೆ ಎಕ್ಸ್‌ಟೆಂಡ್ ವಾಲ್ಯೂಮ್ ಆಯ್ಕೆ ಮಸುಕಾಗಿಯೇ ಇರುತ್ತದೆ, ಒತ್ತಲು ಬರುವುದಿಲ್ಲ.

ಸಕಲೇಶಪುರ ಲಿನಕ್ಸ್

ಮೂಡಿಗೆರೆಯವರೇ, ಆ ಆಯ್ಕೆ ಮಸುಕಾಗಿರಲು ನಿಮ್ಮಲ್ಲಿ ಎರಡು ಕಾರಣಗಳು ಒಟ್ಟಿಗೆ ಸೇರಿವೆ. ಡಿಸ್ಕ್ ಮ್ಯಾನೇಜ್‌ಮೆಂಟ್ ಒಂದು ಪಾರ್ಟಿಷನನ್ನು ಹಿಗ್ಗಿಸಬೇಕಾದರೆ ಖಾಲಿ ಜಾಗ ಅದರ ಬಲಕ್ಕೆ ತಾಗಿಕೊಂಡೇ ಇರಬೇಕು. ಎರಡನೆಯದನ್ನು ಕಿರಿದುಗೊಳಿಸಿದಾಗ ಜಾಗ ತೆರವಾಗುವುದು ಡಿಸ್ಕ್‌ನ ಕೊನೆಯಲ್ಲಿ, ಮೊದಲನೆಯದರ ಪಕ್ಕದಲ್ಲಲ್ಲ. ಒಂದು ವೇಳೆ ಪಕ್ಕದಲ್ಲೇ ಸಿಕ್ಕರೂ ಪ್ರಯೋಜನವಿಲ್ಲ, ಏಕೆಂದರೆ ಎಕ್ಸ್‌ಫ್ಯಾಟ್ ಪಾರ್ಟಿಷನ್‌ನ ಗಾತ್ರ ಬದಲಾಯಿಸುವ ಸೌಲಭ್ಯ ವಿಂಡೋಸ್‌ನಲ್ಲಿ ಇಲ್ಲ, ಜಿಪಾರ್ಟೆಡ್‌ನಲ್ಲಿಯೂ ಇಲ್ಲ.

ಎರಡನೆಯ ಪಾರ್ಟಿಷನನ್ನು ಬಲಕ್ಕೆ ಸರಿಸುವ ಕೆಲಸ ಜಿಪಾರ್ಟೆಡ್‌ನಿಂದ ಆಗುತ್ತದೆ ನಿಜ. ಆದರೆ ಅದು ಸರಿಸುವಾಗ ಫೈಲ್‌ಗಳನ್ನಷ್ಟೇ ಅಲ್ಲ, ಪಾರ್ಟಿಷನ್‌ನ ಖಾಲಿ ಭಾಗವನ್ನೂ ಸೇರಿಸಿ ಆರಂಭದಿಂದ ಕೊನೆಯವರೆಗೆ ನಕಲು ಮಾಡುತ್ತದೆ. ಓದುವುದೂ ಬರೆಯುವುದೂ ಒಂದೇ ಡಿಸ್ಕ್‌ನಲ್ಲಿ ಆದ್ದರಿಂದ ಡಿಸ್ಕ್‌ನ ಹೆಡ್ ಹಿಂದಕ್ಕೂ ಮುಂದಕ್ಕೂ ಓಡಾಡಬೇಕು. ಬೇರೆ ಡಿಸ್ಕ್‌ಗೆ ನಕಲು ಮಾಡುವುದಕ್ಕಿಂತ ಕನಿಷ್ಠ ದುಪ್ಪಟ್ಟು ಹೊತ್ತು ಹಿಡಿಯುತ್ತದೆ. ನಿಮ್ಮಲ್ಲಿರುವುದು ಒಟ್ಟು 350 ಜಿಬಿ. ಯುಎಸ್‌ಬಿ 3ರಲ್ಲಿ ಸೆಕೆಂಡಿಗೆ 100 ಎಂಬಿ ವೇಗ ಸಿಕ್ಕರೆ ಒಂದು ಗಂಟೆಯ ಆಸುಪಾಸಿನಲ್ಲಿ ಇನ್ನೊಂದು ಡಿಸ್ಕ್‌ಗೆ ಹೋಗಿಬಿಡುತ್ತದೆ. ಎರಡೂ ಪಾರ್ಟಿಷನ್ ಅಳಿಸಿ, ಬೇಕಾದ ಗಾತ್ರದಲ್ಲಿ ಹೊಸದಾಗಿ ಮಾಡಿ, ಮರಳಿ ತುಂಬಿ. ನಿಮ್ಮ ಪ್ರಸಂಗಕ್ಕೆ ಅದೇ ನೇರವಾದ ದಾರಿ.

ಕರೆಂಟಿನ ಪ್ರಶ್ನೆಗೆ ಉತ್ತರ ಡಿಸ್ಕ್‌ನ ಬಗೆಯನ್ನು ಅವಲಂಬಿಸಿದೆ. ಅಂಗೈಯಗಲದ ಎರಡೂವರೆ ಇಂಚಿನ ಡಿಸ್ಕ್ ಯುಎಸ್‌ಬಿ ಕೇಬಲ್‌ನಿಂದಲೇ ವಿದ್ಯುತ್ ಪಡೆಯುವುದರಿಂದ ಲ್ಯಾಪ್‌ಟಾಪ್‌ನ ಬ್ಯಾಟರಿ ಇರುವವರೆಗೆ ಅದಕ್ಕೆ ಚಿಂತೆಯಿಲ್ಲ. ಮೂರೂವರೆ ಇಂಚಿನ ದೊಡ್ಡ ಡಿಸ್ಕ್‌ಗೆ ಬೇರೆಯೇ ಅಡಾಪ್ಟರ್ ಇರುತ್ತದೆ. ಕರೆಂಟು ಹೋದ ಕ್ಷಣವೇ ಅದು ನಿಂತುಹೋಗುತ್ತದೆ, ಲ್ಯಾಪ್‌ಟಾಪ್ ಮಾತ್ರ ಓಡುತ್ತಿರುತ್ತದೆ. ಅಂಥದ್ದಕ್ಕೆ ಯುಪಿಎಸ್ ಇಲ್ಲದೆ ಕೈಹಾಕಬಾರದು. ಜೊತೆಗೆ ಲ್ಯಾಪ್‌ಟಾಪ್ ತಾನಾಗಿ ನಿದ್ರೆಗೆ ಹೋಗದಂತೆ ಪವರ್ ಸೆಟ್ಟಿಂಗ್ ಬದಲಾಯಿಸಿ, ಮುಚ್ಚಳ ಮುಚ್ಚಬೇಡಿ.

ಯಗಚಿ ತೀರದ ಸರ್, ನಿಮಗೆ 90 ಜಿಬಿ ಮಾತ್ರ ತೋರಿಸುತ್ತಿರುವುದಕ್ಕೆ ಕಾರಣ ಬಹುಶಃ ಕೊನೆಯ ಭಾಗದಲ್ಲಿ ಕುಳಿತಿರುವ, ವಿಂಡೋಸ್ ಸರಿಸಲಾಗದ ಒಂದು ಫೈಲ್. ಎಷ್ಟು ಖಾಲಿ ಇದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆ ಫೈಲ್‌ನಿಂದಾಚೆಗೆ ಎಷ್ಟಿದೆ ಎಂಬುದಷ್ಟೇ ಲೆಕ್ಕ. ಶ್ರಿಂಕ್ ಆಯ್ಕೆಯನ್ನು ಒಮ್ಮೆ ತೆರೆದು ಮುಚ್ಚಿ, ವಿಂಡೋಸ್‌ನ ಆಗುಹೋಗುಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನ ಅಪ್ಲಿಕೇಷನ್ ವಿಭಾಗದಲ್ಲಿ 259 ಸಂಖ್ಯೆಯ ದಾಖಲೆ ಹುಡುಕಿ. ಸರಿಸಲಾಗದ ಕೊನೆಯ ಫೈಲ್ ಯಾವುದೆಂದು ಅದರಲ್ಲಿ ಬರೆದಿರುತ್ತದೆ.

ಯಗಚಿ ತೀರ, ಬೇಲೂರು

ಎಲ್ಲರಿಗೂ ಕೃತಜ್ಞತೆಗಳು. ಸ್ಮಾರ್ಟ್ ಮಾಹಿತಿಯ ಮೂರೂ ಸಾಲುಗಳಲ್ಲಿ ಸೊನ್ನೆ ಇದೆ. ಸಹೋದ್ಯೋಗಿಯೊಬ್ಬರು ತಮ್ಮ ಡಿಸ್ಕ್ ಎರವಲು ಕೊಟ್ಟಿದ್ದಾರೆ. 259 ಸಂಖ್ಯೆಯ ದಾಖಲೆಯಲ್ಲಿ ‘ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್’ ಎಂಬ ಫೋಲ್ಡರ್‌ನ ಒಳಗಿನ, ಹೂವಿನ ಆವರಣದೊಳಗೆ ಉದ್ದನೆಯ ಅಂಕಿ ಅಕ್ಷರಗಳಿರುವ ಫೈಲ್ ಹೆಸರು ಕಾಣುತ್ತಿದೆ.

ಆದರೆ ಎರವಲು ಡಿಸ್ಕ್‌ಗೆ ನಕಲು ಮಾಡುವಾಗ ಕೆಲವು ಫೈಲ್‌ಗಳ ಹೆಸರು ತೀರಾ ಉದ್ದವಾಯಿತೆಂಬ ಸಂದೇಶ ಬಂದು ಅವು ಹಿಂದುಳಿಯುತ್ತಿವೆ. ಕಣ್ಣಿಗೆ ಕಾಣುವಂತೆ ಅವೇನೂ ಅಷ್ಟು ಉದ್ದದ ಹೆಸರುಗಳಲ್ಲ. ಎಲ್ಲವೂ ಕನ್ನಡದಲ್ಲಿವೆ.

ಸಕಲೇಶಪುರ ಲಿನಕ್ಸ್

ಕನ್ನಡದಲ್ಲಿರುವುದೇ ಕಾರಣ ಸರ್. ವಿಂಡೋಸ್‌ನ ಎಕ್ಸ್‌ಪ್ಲೋರರ್, ಡ್ರೈವ್‌ನಿಂದ ಹಿಡಿದು ಫೋಲ್ಡರ್‌ಗಳೆಲ್ಲ ಸೇರಿ ಫೈಲ್ ಹೆಸರಿನ ಕೊನೆಯವರೆಗೆ 260 ಸಂಕೇತಗಳ ಮಿತಿ ಇಟ್ಟುಕೊಂಡಿದೆ. ಕನ್ನಡದಲ್ಲಿ ಸ್ವರಚಿಹ್ನೆಗೆ ಒಂದು, ಒತ್ತಕ್ಷರದ ನಡುವಿನ ಹಲಂತ ಚಿಹ್ನೆಗೆ ಒಂದು ಎಂದು ಪ್ರತಿಯೊಂದಕ್ಕೂ ಬೇರೆ ಸಂಕೇತ ಖರ್ಚಾಗುತ್ತದೆ. ‘ಚೆನ್ನಕೇಶವ’ ಎಂಬುದು ನಮ್ಮ ಕಣ್ಣಿಗೆ ಐದು ಅಕ್ಷರ, ಕಂಪ್ಯೂಟರ್‌ಗೆ ಒಂಬತ್ತು. ಊರು, ದೇವಾಲಯ, ಗೋಡೆಯ ದಿಕ್ಕು, ಶಿಲ್ಪದ ಹೆಸರು ಎಂದು ಒಂದರೊಳಗೊಂದು ಫೋಲ್ಡರ್ ಮಾಡಿದ್ದರೆ 260 ಬೇಗ ಮುಗಿದುಹೋಗುತ್ತದೆ.

ವಿಂಡೋಸ್‌ನೊಳಗೇ ಇರುವ ರೋಬೋಕಾಪಿ ಎಂಬ ಆದೇಶಕ್ಕೆ ಈ ಮಿತಿ ಇಲ್ಲ. ಅದರಲ್ಲಿ ನಕಲು ಮಾಡಿ, ಲಾಗ್ ಫೈಲ್ ಬರೆಯುವ ಆಯ್ಕೆಯನ್ನೂ ಕೊಡಿ; ಎಷ್ಟು ಫೈಲ್‌ಗಳು ಬಿಟ್ಟುಹೋದವು ಎಂಬುದು ಕೊನೆಯ ಪಟ್ಟಿಯಲ್ಲಿ ಫೇಲ್ಡ್ ಎಂಬ ಕಾಲಮಿನಲ್ಲಿ ಸಿಗುತ್ತದೆ. ಅಲ್ಲಿ ಸೊನ್ನೆ ಬರುವವರೆಗೆ ಪಾರ್ಟಿಷನ್ ಮುಟ್ಟಬೇಡಿ. ಮತ್ತೆ ತೆಗೆಯಲಾಗದ ಚಿತ್ರಗಳನ್ನು ಎರವಲು ಡಿಸ್ಕ್‌ನಿಂದಲೇ ತೆರೆದು, ಪೂರ್ಣ ಗಾತ್ರದಲ್ಲಿ ನೋಡಿಕೊಳ್ಳಿ.

ಹೇಮಾವತಿ, ಹಾಸನ

ನಿಮಗೆ ಸಿಕ್ಕಿರುವ ಫೈಲ್ ಶ್ಯಾಡೋ ಕಾಪಿಗೆ, ಅಂದರೆ ವಿಂಡೋಸ್ ಇಟ್ಟುಕೊಳ್ಳುವ ಹಿಂದಿನ ಸ್ಥಿತಿಯ ಪ್ರತಿಗೆ, ಸೇರಿದ್ದು. ಈ ಡಿಸ್ಕ್‌ಗೆ ಸಿಸ್ಟಮ್ ಪ್ರೊಟೆಕ್ಷನ್ ಚಾಲೂ ಆಗಿದ್ದರೆ, ಅಥವಾ ಹಿಂದೆ ಯಾವಾಗಲಾದರೂ ಲ್ಯಾಪ್‌ಟಾಪ್‌ನ ಸಿಸ್ಟಮ್ ಇಮೇಜ್ ಬ್ಯಾಕಪ್ ಇದರಲ್ಲಿ ಇಟ್ಟಿದ್ದರೆ ಅದು ಉಳಿದುಕೊಂಡಿರುತ್ತದೆ. ನಕಲು ಮುಗಿದ ಮೇಲೆ ಸಿಸ್ಟಮ್ ಪ್ರೊಟೆಕ್ಷನ್ ಪುಟದಲ್ಲಿ ಈ ಡ್ರೈವ್ ಆರಿಸಿ, ರಿಸ್ಟೋರ್ ಪಾಯಿಂಟ್‌ಗಳನ್ನು ಅಳಿಸಿ, ಪ್ರೊಟೆಕ್ಷನ್ ನಿಲ್ಲಿಸಿ. ಇದರಿಂದ ನಿಮ್ಮ ಚಿತ್ರಗಳಿಗೆ ಏನೂ ಆಗುವುದಿಲ್ಲ. ಅಳಿಯುವುದು ಹಿಂದಿನ ಸ್ಥಿತಿಗಳ ಪ್ರತಿಗಳು ಮಾತ್ರ. ಆಮೇಲೆ ಚೆಕ್‌ಡಿಸ್ಕ್ ನಡೆಸಿ, ದೋಷವಿಲ್ಲವೆಂದು ಖಚಿತಪಡಿಸಿಕೊಂಡು ಶ್ರಿಂಕ್ ತೆರೆಯಿರಿ. ಆ ಪೆಟ್ಟಿಗೆಯಲ್ಲಿ ಬರೆಯಬೇಕಾದದ್ದು ಕಡಿಮೆ ಮಾಡಬೇಕಾದ ಗಾತ್ರ, ಉಳಿಯಬೇಕಾದ ಗಾತ್ರವಲ್ಲ. ಅದೂ ಎಂಬಿ ಲೆಕ್ಕದಲ್ಲಿ. 1 ಜಿಬಿಗೆ 1024 ಎಂಬಿ ಆದ್ದರಿಂದ 500 ಜಿಬಿ ಬೇಕೆಂದರೆ 512000 ಎಂದು ಬರೆಯಬೇಕು.

ಇದಾದ ಮೇಲೂ ಎಂಎಫ್‌ಟಿಯಂಥ (ಎಲ್ಲ ಫೈಲ್‌ಗಳ ವಿವರದ ಪಟ್ಟಿ) ಎನ್‌ಟಿಎಫ್‌ಎಸ್‌ನದೇ ಫೈಲ್ ಅಡ್ಡ ಬಂದರೆ ಜಿಪಾರ್ಟೆಡ್‌ನ ಮೊರೆ ಹೋಗಬಹುದು. ಅದು ಪಾರ್ಟಿಷನನ್ನು ಬಳಕೆಯಿಂದ ಹೊರಗಿಟ್ಟು ಕೆಲಸ ಮಾಡುವುದರಿಂದ ಅಂಥ ಫೈಲ್‌ಗಳನ್ನೂ ಸರಿಸಬಲ್ಲದು. ಆಗ ವಿಂಡೋಸನ್ನು ಪೂರ್ತಿ ಮುಚ್ಚದೆ ಬೇಗ ಆರಂಭವಾಗುವಂತೆ ಮಾಡುವ ಲ್ಯಾಪ್‌ಟಾಪ್‌ನ ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಿ, ಡಿಸ್ಕನ್ನು ಸುರಕ್ಷಿತವಾಗಿ ಹೊರತೆಗೆದಿರಬೇಕು. ಅರೆಬರೆ ಮುಚ್ಚಿದ ಎನ್‌ಟಿಎಫ್‌ಎಸ್ ಮೇಲೆ ಅದು ಕೆಲಸ ಮಾಡಲು ನಿರಾಕರಿಸುತ್ತದೆ. ಬಿಟ್‌ಲಾಕರ್ (ವಿಂಡೋಸ್‌ನ ಗೂಢಲಿಪಿ ಬೀಗ) ಹಾಕಿದ ಡಿಸ್ಕ್ ಆಗಿದ್ದರೆ ಜಿಪಾರ್ಟೆಡ್‌ನಿಂದ ಆಗದು, ವಿಂಡೋಸ್‌ನಲ್ಲೇ ಮಾಡಬೇಕು.

ಯಗಚಿ ತೀರ, ಬೇಲೂರು

ರೋಬೋಕಾಪಿಯಿಂದ ಎಲ್ಲ ಫೈಲ್‌ಗಳೂ ಎರವಲು ಡಿಸ್ಕ್‌ಗೆ ಹೋದವು, ಫೇಲ್ಡ್ ಕಾಲಮಿನಲ್ಲಿ ಸೊನ್ನೆ ಬಂದಿದೆ. ದೊಡ್ಡಗದ್ದವಳ್ಳಿಯ ಫೋಲ್ಡರನ್ನು ಲ್ಯಾಪ್‌ಟಾಪ್‌ಗೂ ಹಾಕಿಕೊಂಡೆ. ರಿಸ್ಟೋರ್ ಪಾಯಿಂಟ್‌ಗಳನ್ನು ಅಳಿಸಿದ ಮೇಲೆ ಶ್ರಿಂಕ್ ಪೆಟ್ಟಿಗೆಯಲ್ಲಿ 600 ಜಿಬಿಗಿಂತ ಹೆಚ್ಚು ಜಾಗ ಕಾಣಿಸಿತು. 512000 ಎಂದು ಬರೆದು ಒತ್ತಿದೆ. ಬಹಳ ಹೊತ್ತು ಕಿಟಕಿ ಸ್ತಬ್ಧವಾದಂತೆ ಕಂಡರೂ ಡಿಸ್ಕ್‌ನ ದೀಪ ಮಿನುಗುತ್ತಲೇ ಇತ್ತು, ಹಾಗಾಗಿ ಮುಟ್ಟದೆ ಬಿಟ್ಟೆ. ಕೊನೆಗೆ ಎನ್‌ಟಿಎಫ್‌ಎಸ್ ಭಾಗದ ಬಲಕ್ಕೆ ಕಪ್ಪು ಪಟ್ಟಿಯಡಿ 500 ಜಿಬಿ ಅನ್‌ಅಲೊಕೇಟೆಡ್, ಅಂದರೆ ಯಾವ ಪಾರ್ಟಿಷನ್‌ಗೂ ಸೇರದ ಜಾಗ, ಎಂದು ಬಂತು. ಅದನ್ನು ವಿಂಡೋಸ್‌ನಲ್ಲಿಯೇ ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿದ್ದೇನೆ. ಫೈಲ್‌ಗಳ ಸಂಖ್ಯೆ ಮತ್ತು ಒಟ್ಟು ಗಾತ್ರ ಎರವಲು ಡಿಸ್ಕ್‌ನ ಪ್ರತಿಯೊಂದಿಗೆ ತಾಳೆಯಾಗುತ್ತಿವೆ.

ಇನ್ನೊಂದೇ ಪ್ರಶ್ನೆ. ಅವಳ ಕೆಲಸ ಮುಗಿದ ಮೇಲೆ ಈ 500 ಜಿಬಿಯನ್ನು ಮತ್ತೆ ಹಳೆಯ ಪಾರ್ಟಿಷನ್‌ಗೆ ಸೇರಿಸಿಕೊಳ್ಳಲು ಸಾಧ್ಯವೇ? ಅಥವಾ ಮುಂದೆ ಅವಳಿಗೆ 500 ಜಿಬಿ ಸಾಲದೆ ಬಂದರೆ?

ಸಕಲೇಶಪುರ ಲಿನಕ್ಸ್

ಮೊದಲನೆಯದು ಸುಲಭ ಸರ್. ಎಕ್ಸ್‌ಫ್ಯಾಟ್ ಭಾಗದಲ್ಲಿರುವುದನ್ನೆಲ್ಲ ಎನ್‌ಟಿಎಫ್‌ಎಸ್ ಭಾಗಕ್ಕೆ ನಕಲು ಮಾಡಿಕೊಂಡು, ಎಕ್ಸ್‌ಫ್ಯಾಟ್ ಪಾರ್ಟಿಷನನ್ನು ಅಳಿಸಿ. ತೆರವಾದ ಜಾಗ ಎನ್‌ಟಿಎಫ್‌ಎಸ್‌ನ ಬಲಕ್ಕೆ ತಾಗಿಕೊಂಡೇ ಇರುವುದರಿಂದ ಎಕ್ಸ್‌ಟೆಂಡ್ ವಾಲ್ಯೂಮ್ ಆಯ್ಕೆ ಒತ್ತಲು ಬರುತ್ತದೆ, ಕ್ಷಣಗಳಲ್ಲಿ ಮುಗಿಯುತ್ತದೆ. ಹಿಗ್ಗಿಸುವಾಗ ಯಾವ ಫೈಲ್ ಕೂಡ ಜಾಗ ಬದಲಿಸಬೇಕಿಲ್ಲ. ಅಳಿಸುವ ಮುನ್ನ ಗಾತ್ರ ನೋಡಿ ಸರಿಯಾದ ಪಾರ್ಟಿಷನನ್ನೇ ಆರಿಸಿದ್ದೀರೆಂದು ಖಚಿತಪಡಿಸಿಕೊಳ್ಳಿ. ಡ್ರೈವ್ ಅಕ್ಷರವನ್ನು ನಂಬಬೇಡಿ, ಅದು ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಬದಲಾಗುತ್ತದೆ.

ಎರಡನೆಯದಕ್ಕೆ ಮೂಡಿಗೆರೆಯವರಿಗೆ ಹೇಳಿದ ಉತ್ತರವೇ ಅನ್ವಯಿಸುತ್ತದೆ. ಎಕ್ಸ್‌ಫ್ಯಾಟ್ ಹಿಗ್ಗುವುದಿಲ್ಲ, ಒಳಗಿರುವುದನ್ನು ಹೊರಗಿಟ್ಟು, ಅಳಿಸಿ, ದೊಡ್ಡದಾಗಿ ಹೊಸದು ಮಾಡಬೇಕು. ಎಕ್ಸ್‌ಫ್ಯಾಟ್‌ಗೆ ಎನ್‌ಟಿಎಫ್‌ಎಸ್‌ನಂತೆ ಲಾಗ್ ಇಲ್ಲದಿರುವುದರಿಂದ ನಡುವೆ ಕಿತ್ತರೆ ಹಾನಿಯ ಸಂಭವ ಹೆಚ್ಚು. ನಿಮ್ಮ ಅಕ್ಕನ ಮಗಳಿಗೆ ಪ್ರತಿ ಸಲವೂ ಇಜೆಕ್ಟ್ ಮಾಡಿಯೇ ಕೇಬಲ್ ತೆಗೆಯಲು ಹೇಳಿ, ತಿದ್ದಿದ ಚಿತ್ರಗಳು ಬಂದ ಕೂಡಲೇ ಎನ್‌ಟಿಎಫ್‌ಎಸ್ ಭಾಗಕ್ಕೆ ಹಾಕಿಕೊಳ್ಳಿ. ಎರವಲು ಡಿಸ್ಕನ್ನು ಹಿಂದಿರುಗಿಸುವ ಮುನ್ನ ನಿಮ್ಮದೇ ಇನ್ನೊಂದು ಡಿಸ್ಕ್‌ಗೆ ಆ ಪ್ರತಿಯನ್ನು ವರ್ಗಾಯಿಸಿಕೊಳ್ಳಿ, ಇಲ್ಲವಾದರೆ ಮತ್ತೆ ಎಲ್ಲವೂ ಒಂದೇ ಡಿಸ್ಕ್‌ನಲ್ಲಿ ಉಳಿಯುತ್ತದೆ.